ಜಯಮ್ಮನ ಕೆಲಸದ ಸಲುವಾಗಿ ಸ್ವೀಡನ್ನಿಗೆ

ಗಂಗಾನಗರ

ನಾನು ವಿದೇಶಕ್ಕೆ ಹೋಗುವ ಪೈಕಿಯವನಲ್ಲ, ಹೋಗುವವರ ಕಾಗದಪತ್ರ ತಯಾರಿಸುವ ಪೈಕಿಯವನು. ಯಲಹಂಕದ ಕಡೆ ವಿದ್ಯುತ್ ಮೋಟಾರು ತಯಾರಿಸುವ ಒಂದು ದೊಡ್ಡ ಕಾರ್ಖಾನೆಯ ಸಿಬ್ಬಂದಿ ಇಲಾಖೆಯಲ್ಲಿ ಕೂತು, ಎಷ್ಟೋ ಎಂಜಿನಿಯರುಗಳನ್ನು ಜರ್ಮನಿಗೂ ಜಪಾನಿಗೂ ಸಾಗಹಾಕಿದ್ದೇನೆ. ಅವರು ತಂದುಕೊಟ್ಟ ಚಾಕಲೇಟು ತಿಂದು, ನನ್ನ ಪಾಲಿಗೆ ಗದಗಿನಿಂದ ಬೆಂಗಳೂರಿಗೆ ಬಂದದ್ದೇ ಸಾಕಷ್ಟು ದೂರದ ಪ್ರಯಾಣ ಎಂದು ನೆಮ್ಮದಿಯಾಗಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಮೇಲಿನವರಿಗೆ ಒಂದು ಒಳ್ಳೆಯ ಯೋಚನೆ ಬಂತು. ಕಾರ್ಖಾನೆಯೊಳಗೆ ಒಂದೇ ಥರದ ಗಂಡಸರು ತುಂಬಿಕೊಂಡಿದ್ದಾರೆ. ಹೆಂಗಸರು, ಕಾರ್ಖಾನೆಗೆ ಜಮೀನು ಬಿಟ್ಟುಕೊಟ್ಟವರು, ಅಂಗವಿಕಲರು, ಎಲ್ಲರೂ ಬರಬೇಕು. ಈ ಕೆಲಸದ ಮುಂದಾಳತ್ವ ನನಗೆ ಬಿತ್ತು. ನಾನು ಯಾರೊಂದಿಗೂ ಜಗಳವಾಡದವನು ಎಂಬುದು ಅವರು ಕೊಟ್ಟ ಕಾರಣ. ಜಗಳವಾಡಿದರೆ ಮುಂದೆ ಏನಾದೀತೋ ಎಂಬ ಭಯಕ್ಕೆ ನಾನು ಸುಮ್ಮನಿರುತ್ತೇನೆಂಬುದು ಅವರಿಗೆ ಗೊತ್ತಿರಲಿಲ್ಲ.

ಹಾಗೆ ಬಂದವರಲ್ಲಿ ಪುಟ್ಟೇನಹಳ್ಳಿಯ ಜಯಮ್ಮ ಒಬ್ಬಳು. ಇಪ್ಪತ್ತೆರಡರ ಹುಡುಗಿ. ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಅವಳ ತಂದೆ ಪಿಳ್ಳಪ್ಪನವರ ಹೊಲ ಕಾರ್ಖಾನೆಯ ಕಾಂಪೌಂಡಿನೊಳಗೆ ಸೇರಿಹೋಗಿತ್ತು. ಮನೆಗೊಂದು ಕೆಲಸ ಎಂದು ಮಾತು ಕೊಟ್ಟಿದ್ದೆವು. ಗಂಡುಮಕ್ಕಳಿಲ್ಲದ್ದರಿಂದ ಆ ಕೆಲಸ ಜಯಮ್ಮನಿಗೆ ಬಂತು. ವೈಂಡಿಂಗ್ ವಿಭಾಗದಲ್ಲಿ, ಎಂದರೆ ಮೋಟಾರಿಗೆ ತಾಮ್ರದ ತಂತಿ ಸುತ್ತುವಲ್ಲಿ, ಅವಳ ಕೈಗೆ ಸಾಟಿಯಿರಲಿಲ್ಲ.

ಆದರೆ ಒಂದು ಮಧ್ಯಾಹ್ನ ಪಕ್ಕದ ವಾರ್ನಿಷ್ ಕೋಣೆಯಲ್ಲಿ ಬೆಂಕಿ ಕಾಣಿಸಿತು. ಸೈರನ್ ಕೂಗಿತು. ಎಲ್ಲರೂ ಓಡಿದರು. ಜಯಮ್ಮ ಮಾತ್ರ ತಂತಿ ಸುತ್ತುತ್ತಲೇ ಇದ್ದಳು. ಬೆಂಕಿ ಅಲ್ಲೇ ನಂದಿತು, ಯಾರಿಗೂ ಏನೂ ಆಗಲಿಲ್ಲ. ಫೋರ್‌ಮನ್ ದೊರೆಸ್ವಾಮಿಗೆ ಮಾತ್ರ ಅಂದಿನಿಂದ ಸಮಾಧಾನವಿಲ್ಲ.

"ನಂಗೆ ಆ ಹುಡ್ಗಿ ಮೇಲೆ ದ್ವೇಷ ಇಲ್ಲ ಸಾರ್, ಹೆದ್ರಿಕೆ ಇದೆ," ಎಂದರು ನನ್ನ ಮೇಜಿನೆದುರು ನಿಂತು. "ನಾಳೆ ಏನಾದ್ರೂ ಆದ್ರೆ ಅವ್ರಪ್ಪನ ಮುಖ ನೋಡೋನು ನಾನು. ಕಾಯಂ ಮಾಡ್ಬೇಡಿ. ದಯವಿಟ್ಟು."

ಕಾಯಂ ಮಾಡುವ ಮುಂಚಿನ ಪರೀಕ್ಷಾ ಅವಧಿಯನ್ನು ಮೂರು ತಿಂಗಳು ಹೆಚ್ಚಿಸಿದೆವು. ನಾನು ಎಂದಿನಂತೆ ಪಿಳ್ಳಪ್ಪನವರನ್ನು ಕರೆಸಿ ವಿಷಯ ತಿಳಿಸಿದೆ. ಮಗಳು ಪಕ್ಕದಲ್ಲಿ ನಿಂತಿದ್ದಳು.

"ಸಾಮಿ, ನೆಲ ಓಯ್ತು," ಎಂದರು ಅವರು. "ಇರೋದು ಇದೊಂದೇ ಕೆಲ್ಸ. ಇವ್ಳೂ ಮನೇಗ್ ಬಂದು ಕುಂತ್ರೆ ನಾವು ಎಂಗೆ ಬದುಕೋದು, ನೀವೇ ಏಳಿ."

ಈ ಮೂರು ತಿಂಗಳೊಳಗೆ, ಕಿವುಡರು ಕೆಲಸ ಮಾಡುವ ಸ್ವೀಡನ್ನಿನ ಒಂದು ಕಾರ್ಖಾನೆಯನ್ನು ನೋಡಿಬಂದು ಟಿಪ್ಪಣಿ ಬರೆಯಬೇಕೆಂದು ನನಗೆ ಅಪ್ಪಣೆಯಾಯಿತು. ಆ ಟಿಪ್ಪಣಿಯ ಮೇಲೆ ಜಯಮ್ಮ ಉಳಿಯಬೇಕು, ಇಲ್ಲವೇ ಹೋಗಬೇಕು.

ಹೊರಡುವ ದಿನ ಗಂಗಾನಗರದ ಮನೆಯಲ್ಲಿ ನನ್ನ ಹೆಂಡತಿ ಶಾಂತಾ ಶೇಂಗಾ ಚಟ್ನಿಯ ಎರಡು ಡಬ್ಬಿ ಇಟ್ಟಳು. "ಒಂದು ಅಲ್ಲಿ ತಿನ್ನಾಕ, ಒಂದು ಬರೂವಾಗ."

"ಬರುವಾಗ ಯಾಕ?"

"ವಿಮಾನ ಎಲ್ಲೆರೆ ಕೆಟ್ಟು ನಿಂತರ? ನಿಮ್ಮ ಕೂಡ ಇದ್ದು ಇದ್ದು ನನಗೂ ಹಿಂಥಾ ವಿಚಾರನ ಬರ್ತಾವ ನೋಡ್ರಿ."

ವಿಮಾನದಲ್ಲಿ

ಆಪತ್ತು ಬಂದರೆ ಏನು ಮಾಡಬೇಕೆಂದು ಚಿತ್ರ ಬರೆದಿಟ್ಟ ಒಂದು ಕಾಗದ ಪ್ರತಿ ಸೀಟಿನೆದುರೂ ಇರುತ್ತದೆ. ಅದನ್ನು ಮೂರು ಸಲ ಓದಿದವನು ನಾನೊಬ್ಬನೇ ಇರಬೇಕು. ಬಾಗಿಲು ಎಷ್ಟು ಸಾಲು ಹಿಂದಿದೆಯೆಂದು ಎಣಿಸಿಟ್ಟುಕೊಂಡೆ. ಪಕ್ಕದಲ್ಲಿದ್ದ ಬಿಳಿಯ ಮುದುಕ ಬೊಂಬಾಯಿ ದಾಟುವ ಮೊದಲೇ ನಿದ್ದೆ ಹೋಗಿದ್ದ. ಇಷ್ಟು ಜನರಲ್ಲಿ ಒಬ್ಬನಾದರೂ ಎಚ್ಚರವಾಗಿರಬೇಕಲ್ಲ ಎಂದು ನಾನು ಇಡೀ ದಾರಿ ಕಣ್ಣು ಬಿಟ್ಟುಕೊಂಡು ಕೂತೆ. ವಿಮಾನ ಸುಖವಾಗಿ ಇಳಿಯಿತು. ಯಾರೂ ನನಗೆ ಕೃತಜ್ಞತೆ ಹೇಳಲಿಲ್ಲ.

ಮೊದಲ ದಿನ

ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಎರಡು ಗಂಟೆ ದೂರದ ಊರು. ಅದರ ಹೆಸರನ್ನು ದಿನವೂ ಹೇಳಲು ಪ್ರಯತ್ನಪಟ್ಟೆ. ಸರಿಯಾಗಿ ಹೇಳಿದೆನೆಂದು ಯಾರ ಮುಖದಲ್ಲೂ ಕಾಣಲಿಲ್ಲ. ಬರೆಯುವ ಸಾಹಸವೂ ಬೇಡ.

ಕಾರ್ಖಾನೆಯ ಗೇಟಿನಲ್ಲಿ ನನ್ನನ್ನು ಎದುರುಗೊಂಡವರು ಬ್ರಿಟ್ಟಾ. ಐವತ್ತು ದಾಟಿದ, ಎತ್ತರದ ಹೆಂಗಸು. ನಾನು ಕಾರನ್ನು ಹುಡುಕುತ್ತಿದ್ದೆ, ಅವರು ಸೈಕಲ್ಲಿನಿಂದ ಇಳಿದರು. ಫಿನ್ಲೆಂಡಿನಿಂದ ವಲಸೆ ಬಂದವರು, ಹೆಂಗಸರು, ಕಿವುಡರು, ಇವರನ್ನೆಲ್ಲ ಆ ದೊಡ್ಡ ಕಂಪನಿಯೊಳಗೆ ತರುವುದೂ ಉಳಿಸಿಕೊಳ್ಳುವುದೂ ಅವರ ಹೊಣೆ. ಎಂದರೆ, ಅಲ್ಲಿಯ ನಾನು.

"ಗುಡ್ ಮಾರ್ನಿಂಗ್, ಮೇಡಂ," ಎಂದೆ.

"ಮೇಡಂ ಅಲ್ಲ, ಬ್ರಿಟ್ಟಾ."

ಗೇಟಿನ ಕಾವಲುಗಾರನೂ ಅವರನ್ನು ಬ್ರಿಟ್ಟಾ ಎಂದೇ ಕೂಗಿದ. ಕಂಪನಿಯ ನಿರ್ದೇಶಕರನ್ನೂ ಅವನು ಹೆಸರು ಹಿಡಿದೇ ಕರೆಯುತ್ತಾನಂತೆ. ನನಗೆ ನಾಲಿಗೆ ಹೊರಳಲಿಲ್ಲ. ಕೊನೆಗೆ ಉಪಾಯ ಕಂಡುಕೊಂಡೆ. ಅಲ್ಲಿದ್ದಷ್ಟು ದಿನವೂ ಅವರನ್ನು ಏನೂ ಕರೆಯದೆಯೇ ಮಾತಾಡಿದೆ, ನಮ್ಮ ಕಡೆಯ ಹೆಂಡಂದಿರು ಗಂಡಂದಿರೊಡನೆ ಮಾತಾಡುವ ಹಾಗೆ.

ಹತ್ತು ಗಂಟೆಗೆ ಕಾಫಿ. ಒಂದೇ ಉದ್ದದ ಮೇಜು. ನಿರ್ದೇಶಕರು, ಎಣ್ಣೆ ಮೆತ್ತಿದ ಅಂಗಿಯವರು, ಟೈಪು ಮಾಡುವ ಹುಡುಗಿಯರು ಎಲ್ಲರೂ ಒಟ್ಟಿಗೆ ಕೂತರು. ಕುಡಿದಾದ ಮೇಲೆ ನಿರ್ದೇಶಕರು ತಮ್ಮ ಬಟ್ಟಲನ್ನು ತಾವೇ ತೊಳೆದಿಟ್ಟರು. ನಿಮ್ಮಲ್ಲಿ ಕ್ಯಾಂಟೀನು ಹೇಗಿದೆ ಎಂದು ಬ್ರಿಟ್ಟಾ ಕೇಳಿದರು. ನಮ್ಮಲ್ಲಿ ಮೂರು ಇವೆ: ಕಾರ್ಮಿಕರಿಗೊಂದು, ಗುಮಾಸ್ತರಿಗೊಂದು, ಮೇಜಿನ ಮೇಲೆ ಬಟ್ಟೆ ಹಾಸಿದ್ದು ಅಧಿಕಾರಿಗಳಿಗೊಂದು. ಎಲ್ಲ ಥರದ ಜನರನ್ನು ಒಟ್ಟುಗೂಡಿಸುವ ನಮ್ಮ ಸಮಿತಿಯ ಸಭೆ ನಡೆಯುವುದು ಈ ಮೂರನೆಯದರಲ್ಲಿ. ಇದನ್ನು ಹೇಳಲೋ ಬೇಡವೋ ಎಂದು ಯೋಚಿಸಿ, "ದೊಡ್ಡದಿದೆ," ಎಂದಷ್ಟೇ ಹೇಳಿದೆ.

ಮೂರನೆಯ ದಿನ

ಲೋಹದ ಹಾಳೆಗಳನ್ನು ಒತ್ತಿ ಕತ್ತರಿಸುವ ಹಜಾರಕ್ಕೆ ಕರೆದೊಯ್ದರು. ಅಂಥ ಗದ್ದಲವನ್ನು ನಾನು ಯಶವಂತಪುರದ ರೈಲ್ವೆ ಯಾರ್ಡಿನಲ್ಲೂ ಕೇಳಿಲ್ಲ. ಎಲ್ಲರ ಕಿವಿಯ ಮೇಲೂ ಬಟ್ಟಲಿನಂಥ ಮುಚ್ಚಳ. ಮಾತಾಡಬೇಕಾದರೆ ಕೈಯಿಂದಲೇ. ಕಿವಿ ಕೇಳುವವರು ಕಿವುಡರಿಂದ ಆ ಕೈಮಾತನ್ನು ಕಲಿತಿದ್ದರು. ಯಾರು ಯಾರೆಂದು ಗುರುತಿಸಲು ನೋಡಿದೆ, ಆಗಲಿಲ್ಲ.

ಅಲ್ಲಿ ಲಾರ್ಸ್ ಎಂಬವರನ್ನು ಪರಿಚಯಿಸಿದರು. ನಲವತ್ತರ ಆಸುಪಾಸು, ಹುಟ್ಟು ಕಿವುಡರು, ಯಂತ್ರವೊಂದರ ಮುಖ್ಯಸ್ಥರು. ಮೂವರೂ ಪಕ್ಕದ ವಿಶ್ರಾಂತಿ ಕೋಣೆಗೆ ಹೋದೆವು.

"ಇವರು ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?" ಎಂದು ಬ್ರಿಟ್ಟಾರನ್ನು ಕೇಳಿದೆ.

"ಅವರು ಎದುರಿಗೇ ಇದ್ದಾರಲ್ಲ," ಎಂದರು ಬ್ರಿಟ್ಟಾ. "ಅವರನ್ನೇ ನೋಡಿ ಕೇಳಿ. ನಾನು ಕೈಯಲ್ಲಿ ಹೇಳುತ್ತೇನೆ."

ಲಾರ್ಸ್‌ರನ್ನು ನೋಡಿ ಕೇಳಿದೆ. ಹದಿನೈದು ವರ್ಷ. ಧೈರ್ಯ ಬಂತು. ಒಂದು ಪ್ರಶ್ನೆಯನ್ನಾದರೂ ಬ್ರಿಟ್ಟಾರ ಸಹಾಯವಿಲ್ಲದೆ ಕೇಳಬೇಕೆನಿಸಿತು. ಹೊಸಬರನ್ನು ಕಂಡರೆ ನಮಗೆ ಮೊದಲು ಹೊಳೆಯುವ ಪ್ರಶ್ನೆ ಯಾವುದು? ಮದುವೆಯಾಗಿದೆಯೇ? ಎರಡೂ ಕೈಗಳನ್ನು ಕತ್ತಿನ ಸುತ್ತ ಒಯ್ದು, ಹಿಂದೆ ಮೂರು ಗಂಟು ಬಿಗಿದು ತೋರಿಸಿ, ಹುಬ್ಬು ಹಾರಿಸಿದೆ.

ಲಾರ್ಸ್ ಒಂದು ಹೆಜ್ಜೆ ಹಿಂದೆ ಸರಿದರು. ಬ್ರಿಟ್ಟಾರ ಕಡೆ ತಿರುಗಿ ಕೈಯಲ್ಲಿ ಏನೋ ಅವಸರವಾಗಿ ಕೇಳಿದರು.

"ನಿಮ್ಮ ಕಾರ್ಖಾನೆಯಲ್ಲಿ ಯಾರಾದರೂ ನೇಣು ಹಾಕಿಕೊಂಡರೇ ಎಂದು ಕೇಳುತ್ತಿದ್ದಾರೆ," ಎಂದರು ಬ್ರಿಟ್ಟಾ, ಅವರೂ ಗಾಬರಿಯಲ್ಲೇ.

ತಾಳಿಯ ವಿಷಯ ವಿವರಿಸಿದೆ. ಲಾರ್ಸ್ ಬೆಂಚಿನ ಮೇಲೆ ಕೂತು ನಕ್ಕರು. ಆಮೇಲೆ ಬೆರಳಿನ ಉಂಗುರ ತೋರಿಸಿದರು. ಅಷ್ಟಕ್ಕೇ ಬಿಡಲಿಲ್ಲ, ಹೊರಗೆ ಹೋಗಿ ಇಡೀ ಹಜಾರಕ್ಕೆ ಸುದ್ದಿ ಹಂಚಿದರು. ಮರುದಿನದಿಂದ ನಾನು ಆ ಕಡೆ ಸುಳಿದರೆ ಸಾಕು, ದೊಡ್ಡ ದೊಡ್ಡ ಆಳುಗಳು ಯಂತ್ರ ನಿಲ್ಲಿಸಿ, ನನ್ನತ್ತ ನೋಡಿ, ಕತ್ತಿನ ಹಿಂದೆ ಮೂರು ಗಂಟು ಹಾಕುತ್ತಿದ್ದರು.

ಐದನೆಯ ದಿನ

ಇದನ್ನು ಬರೆಯಬಾರದೆಂದಿದ್ದೆ. ಆದರೆ ಇದನ್ನು ಬಿಟ್ಟರೆ ಮಿಕ್ಕದ್ದು ಅರ್ಥವಾಗದು.

ಮಧ್ಯಾಹ್ನ ಅದೇ ವಿಶ್ರಾಂತಿ ಕೋಣೆಯಲ್ಲಿ ಒಬ್ಬನೇ ಇದ್ದೆ. ಬೂಟು ಕಳಚಿ, ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ, ಅವರ ಗಟ್ಟಿ ಬ್ರೆಡ್ಡಿಗೆ ನಮ್ಮ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಿದ್ದೆ. ಆಗ ಚಾವಣಿಯ ದೀಪಗಳೆಲ್ಲ ಮಿಣುಕತೊಡಗಿದವು.

ಗಂಗಾನಗರದಲ್ಲಿ ಸಂಸಾರ ಮಾಡಿದವನಿಗೆ ದೀಪ ಮಿಣುಕಿದರೆ ತಿಳಿಯುವುದು ಒಂದೇ. ವೋಲ್ಟೇಜ್ ಬಿದ್ದಿದೆ, ಇನ್ನೇನು ಕರೆಂಟು ಹೋಗುತ್ತದೆ. ಎದ್ದು ಏನನ್ನಾದರೂ ಎಡವಬಾರದು, ಕೂತಲ್ಲೇ ಕೂತಿರಬೇಕು. ನಾನೂ ಹಾಗೆಯೇ ಮಾಡಿದೆ. ಕತ್ತಲಲ್ಲಿ ಚೆಲ್ಲಬಾರದೆಂದು ಡಬ್ಬಿಯ ಮುಚ್ಚಳ ಹಾಕಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಸಂತೋಷವೂ ಆಯಿತು. ಇಷ್ಟು ಮುಂದುವರಿದ ದೇಶಕ್ಕೂ ನಮ್ಮ ಕಷ್ಟ ತಪ್ಪಿದ್ದಲ್ಲ. ಗಾಜಿನಾಚೆ ಕೆಲಸಗಾರರೆಲ್ಲ ಯಂತ್ರ ಬಿಟ್ಟು ಹೊರಗೆ ಹೋಗುತ್ತಿದ್ದರು. ಕರೆಂಟು ಹೋದರೆ ನಮ್ಮವರು ಬೀಡಿ ಸೇದಲು ಹೋಗುವುದಿಲ್ಲವೇ, ಹಾಗೆಯೇ ಇರಬೇಕು ಎಂದುಕೊಂಡೆ.

ಯಾರೋ ಭುಜ ತಟ್ಟಿದರು. ಲಾರ್ಸ್. ನನ್ನ ಮಣಿಕಟ್ಟು ಹಿಡಿದು ಎಬ್ಬಿಸಿ, ಬೂಟು ಹಾಕಿಕೊಳ್ಳಲೂ ಬಿಡದೆ, ಹಜಾರದ ಉದ್ದಕ್ಕೂ ಓಡಿಸಿಕೊಂಡು ಹೋದರು. ಹೊರಗೆ ಹೆಪ್ಪುಗಟ್ಟಿದ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಬರಿಯ ಕಾಲುಚೀಲದಲ್ಲಿ, ಒಂದು ಕೈಯಲ್ಲಿ ಚಟ್ನಿ ಡಬ್ಬಿ ಹಿಡಿದು ನಾನೂ ನಿಂತೆ. ಬ್ರಿಟ್ಟಾ ಗಡಿಯಾರ ನೋಡುತ್ತ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಅದು ಬೆಂಕಿಯ ಅಣಕು ಪರೀಕ್ಷೆ.

"ದೀಪ ನೋಡಲಿಲ್ಲವೇ?" ಎಂದು ಕೇಳಿದರು.

"ನೋಡಿದೆ."

"ಮತ್ತೆ?"

"ಕರೆಂಟು ಹೋಗುತ್ತದೆ ಅಂದುಕೊಂಡೆ."

ವೋಲ್ಟೇಜಿನ ಕಥೆಯನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ಅದನ್ನೂ ಬರೆದುಕೊಂಡರು. ಇಲ್ಲಿ ಗಂಟೆ ಯಾಕಿಲ್ಲ ಎಂದು ಕೇಳಿದೆ. "ಆ ಗದ್ದಲದಲ್ಲಿ, ಕಿವಿ ಮುಚ್ಚಿಕೊಂಡವರಲ್ಲಿ ಗಂಟೆ ಯಾರಿಗೆ ಕೇಳಬೇಕು?" ಎಂದರು.

ಅಂದರೆ, ನಿಜವಾಗಿ ಬೆಂಕಿ ಬಿದ್ದಿದ್ದರೆ ಸಿಕ್ಕಿಕೊಳ್ಳುತ್ತಿದ್ದವನು ಒಬ್ಬನೇ. ಅವನ ಕಿವಿಗಳೆರಡೂ ಚೆನ್ನಾಗಿವೆ, ವಿಮಾನದಲ್ಲಿ ಬಾಗಿಲಿನ ಸಾಲನ್ನೂ ಎಣಿಸಿಟ್ಟುಕೊಂಡವನು.

ನಿಜವಾದ ಚಿಂತೆ ಶುರುವಾದದ್ದು ಅಂದು ರಾತ್ರಿ. ನಮ್ಮ ವೈಂಡಿಂಗ್ ವಿಭಾಗಕ್ಕೂ ಮಿಣುಕುವ ದೀಪ ಹಾಕಿಸಿ, ಜಯಮ್ಮನನ್ನು ಕಾಯಂ ಮಾಡಿ ಎಂದು ಸಂಜೆ ಕೂತು ಎರಡು ಪುಟ ಬರೆದಿದ್ದೆ. ಆದರೆ ಯಲಹಂಕದಲ್ಲಿ ದಿನಕ್ಕೆ ಹತ್ತು ಸಲ ದೀಪ ಮಿಣುಕುತ್ತದೆ. ಹತ್ತು ಸಲವೂ ಅವಳು ಎದ್ದು ಓಡಬೇಕೇ? ದೊರೆಸ್ವಾಮಿ ಇದನ್ನು ಕೇಳದೆ ಬಿಡುವವರಲ್ಲ. ಆ ಎರಡು ಪುಟವನ್ನು ಹರಿದುಹಾಕಿದೆ. ಟಿಪ್ಪಣಿಯಲ್ಲಿ ಈಗ ಉಳಿದದ್ದು ತಲೆಬರಹ ಮಾತ್ರ.

ಕೊನೆಯ ಸಂಜೆ

ಬ್ರಿಟ್ಟಾರ ಮನೆಯಲ್ಲಿ ಊಟ. ಲಾರ್ಸ್ ಕೂಡ ಬಂದಿದ್ದರು. ಅಡಿಗೆ ಮಾಡಿದ್ದು ಬ್ರಿಟ್ಟಾರ ಗಂಡ. ನನಗಾಗಿ ಆಲೂಗಡ್ಡೆಯನ್ನು ಮೂರು ಥರ ಬೇಯಿಸಿದ್ದರು. ಗಂಡಸು ಬಡಿಸುವಾಗ ಸಾಕು ಎನ್ನಬೇಕೋ ಎದ್ದು ಸಹಾಯಕ್ಕೆ ಹೋಗಬೇಕೋ ತಿಳಿಯದೆ ಮೂರನ್ನೂ ಎರಡೆರಡು ಸಲ ಹಾಕಿಸಿಕೊಂಡೆ.

ನನ್ನ ಮುಖ ನೋಡಿ ಬ್ರಿಟ್ಟಾ ವಿಷಯ ಕೇಳಿದರು. ಜಯಮ್ಮನ ಕಥೆ ಪೂರ್ತಿ ಹೇಳಿದೆ: ಹೊಲ, ಬೆಂಕಿ, ಫೋರ್‌ಮನ್, ಮಿಣುಕುವ ದೀಪ. ಅವರು ಲಾರ್ಸ್‌ಗೆ ಕೈಯಲ್ಲಿ ಹೇಳುತ್ತ ಹೋದರು. ಲಾರ್ಸ್ ಒಂದೇ ಪ್ರಶ್ನೆ ಕೇಳಿದರು.

"ಆ ಹುಡುಗಿ ಏನು ಹೇಳುತ್ತಾಳೆ?"

"ಅವಳ ತಂದೆ ಹೇಳುವ ಪ್ರಕಾರ..." ಎಂದು ಶುರುಮಾಡಿದೆ.

ಲಾರ್ಸ್ ಬೆರಳು ಆಡಿಸಿದರು. ತಂದೆಯಲ್ಲ.

"ಅವಳಿಗೆ ಮಾತು ಬರುವುದಿಲ್ಲ," ಎಂದೆ ಬ್ರಿಟ್ಟಾರ ಕಡೆ ತಿರುಗಿ.

ಬ್ರಿಟ್ಟಾರ ಕೈಗಳು ಮೇಜಿನ ಮೇಲೆಯೇ ಇದ್ದವು. "ಇದನ್ನು ನಾನು ಇವರಿಗೆ ಹೇಳಬೇಕೇ?" ಎಂದು ಮೆಲ್ಲಗೆ ಕೇಳಿದರು.

ಬೇಡ ಎಂದು ತಲೆಯಾಡಿಸಿದೆ. ಲಾರ್ಸ್‌ಗೆ ಅದು ಆಗಲೇ ಗೊತ್ತಾಗಿತ್ತೆಂದು ಕಾಣುತ್ತದೆ. ಅವರು ಆಲೂಗಡ್ಡೆಯ ಪಾತ್ರೆಯನ್ನು ನನ್ನ ಕಡೆ ಸರಿಸಿದರು. ಬಯ್ದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಿಲ್ದಾಣಕ್ಕೆ ನಡೆಯುವಾಗ ಬ್ರಿಟ್ಟಾ ಹೇಳಿದರು: "ಫಿನ್ಲೆಂಡಿನವರು ಯಾಕೆ ಕೆಲಸ ಬಿಟ್ಟು ಹೋಗುತ್ತಾರೆಂದು ನಾನು ಎರಡು ವರ್ಷ ವಿಚಾರಿಸಿದೆ. ಫೋರ್‌ಮನ್‌ಗಳನ್ನು ಕೇಳಿದೆ, ಡಾಕ್ಟರನ್ನು ಕೇಳಿದೆ, ಪಾದ್ರಿಯನ್ನೂ ಕೇಳಿದೆ. ಕೇಳದೆ ಬಿಟ್ಟದ್ದು ಆ ಫಿನ್ಲೆಂಡಿನವರನ್ನು ಮಾತ್ರ."

"ಆಮೇಲೆ?"

"ಆಮೇಲೆ ಬಹಳ ನಾಚಿಕೆಯಾಯಿತು. ಅದರಿಂದ ಯಾರೂ ಸಾಯುವುದಿಲ್ಲ, ನೋಡಿ, ನಾನಿನ್ನೂ ಇದ್ದೇನೆ."

ಯಲಹಂಕ

ಬಂದ ಮರುದಿನವೇ ವೈಂಡಿಂಗ್ ವಿಭಾಗಕ್ಕೆ ಹೋದೆ. ಸಿಬ್ಬಂದಿ ಅಧಿಕಾರಿ ಅಲ್ಲಿಗೆ ಬಂದರೆ ಯಾರಿಗೋ ಗ್ರಹಚಾರ ಕಾದಿದೆಯೆಂದು ಅರ್ಥ. ಹೆಂಗಸರೆಲ್ಲ ತಲೆ ತಗ್ಗಿಸಿ ತಂತಿ ಸುತ್ತತೊಡಗಿದರು. ಜಯಮ್ಮನ ಬೆಂಚು ಮೂಲೆಯಲ್ಲಿ, ಗೋಡೆಗೆ ಮುಖಮಾಡಿ ಇತ್ತು. ಅವಳ ಹಿಂದಿನ ಬೆಂಚಿನ ಸುಶೀಲ ಒಂಬತ್ತು ತಿಂಗಳಲ್ಲಿ ಅವಳ ಕೈಮಾತನ್ನೆಲ್ಲ ಕಲಿತಿದ್ದಾಳೆಂದು ದೊರೆಸ್ವಾಮಿ ಹೇಳಿದರು. ಇದೂ ನನಗೆ ಹೊಸ ಸುದ್ದಿ.

"ಸೈರನ್ ಕೂಗಿದ್ರೆ ಏನು ಮಾಡ್ಬೇಕು ಅಂತ ಇವಳನ್ನ ಕೇಳಮ್ಮ," ಎಂದೆ.

"ನೀವೇ ಕೇಳಿ ಸಾರ್," ಎಂದಳು ಸುಶೀಲ. "ಅವಳ್ ಮುಖ ನೋಡ್ಕೊಂಡ್ ಕೇಳಿ. ನನ್ನ ನೋಡ್ಕೊಂಡ್ ಮಾತಾಡಿದ್ರೆ ಅವಳಿಗೆ ಸಿಟ್ಟು ಬರತ್ತೆ."

ಕೇಳಿದೆ. ಜಯಮ್ಮ ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟಳು. ಆಮೇಲೆ ಅವಳ ಕೈಗಳು ಓಡತೊಡಗಿದವು, ಬೆಂಚು, ಗೋಡೆ, ಹಿಂದಿದ್ದವರ ತಲೆಗಳು, ಬಾಗಿಲು.

"ಸೈರನ್ ಬೇಕಾಗಿಲ್ಲ ಅಂತಾಳೆ ಸಾರ್. ಊಟದ್ ಸೈರನ್ ಕೂಗಿದ್ರೆ ಎಲ್ರೂ ತಲೆ ಎತ್ತೀವಲ್ಲ, ಅದು ಕಂಡ್ರೆ ಸಾಕಂತೆ. ಆದ್ರೆ ಗೋಡೆ ಕಡೆ ಕೂರಿಸಿದ್ರೆ ಯಾರ್ ತಲೆ ಕಾಣತ್ತೆ ಅಂತ ಕೇಳ್ತಾಳೆ. ಬೆಂಚು ತಿರುಗ್ಸಿ ಅಂತಾಳೆ." ಸುಶೀಲ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವತ್ತು ಬೆಂಕಿ ಬಿದ್ದಾಗ ನಾನೂ ಓಡ್ಬಿಟ್ಟೆ ಸಾರ್. ಅದನ್ನೂ ಹೇಳ್ತಿದಾಳೆ. ಬಿಡು ಅಂದ್ರೂ ಹೇಳ್ತಾಳೆ."

ದೊರೆಸ್ವಾಮಿ ಟೋಪಿ ತೆಗೆದರು. "ನಾನೇ ಅಲ್ಲಿ ಹಾಕ್ಸಿದ್ದು ಸಾರ್. ಪಾಪ, ಹೋಗೋರ್ ಬರೋರು ಅವಳನ್ನ ದಿಟ್ಟಿಸಿ ನೋಡ್ಬಾರ್ದು, ನೆಮ್ಮದಿಯಾಗಿ ಕೆಲ್ಸ ಮಾಡ್ಲಿ ಅಂತ." ತಾವೇ ಸ್ಪ್ಯಾನರ್ ತರಿಸಿ, ಕೆಳಗೆ ಕೂತು, ಬೆಂಚಿನ ನಾಲ್ಕು ಬೋಲ್ಟನ್ನೂ ಬಿಚ್ಚಿದರು.

ಆ ವಾರ ಯಾರಿಗೂ ಹೇಳದೆ ಮೂರು ಸಲ ಸೈರನ್ ಕೂಗಿಸಿದೆವು. ಮೂರು ಸಲವೂ ಜಯಮ್ಮ ಬಾಗಿಲಿಗೆ ಬಂದದ್ದು ಮೊದಲ ಐವರಲ್ಲಿ. ಮೂರನೆಯ ಸಲ ಸುಶೀಲಳನ್ನೂ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ದೊರೆಸ್ವಾಮಿ ನನ್ನ ಟಿಪ್ಪಣಿಯನ್ನು ಪೂರ್ತಿ ಓದದೆಯೇ ರುಜು ಹಾಕಿದರು.

ನಮ್ಮಲ್ಲಿ ಕಾಯಂ ಆದೇಶಗಳು ಇಂಗ್ಲಿಷಿನಲ್ಲಿರುತ್ತವೆ. ಜಯಮ್ಮ ಮೂರು ವರ್ಷ ಶಾಲೆಗೆ ಹೋಗಿ ಓದಲು ಕಲಿತಿದ್ದಾಳೆಂದು ತಿಳಿದ ಮೇಲೆ, ಅವಳದನ್ನು ಕನ್ನಡದಲ್ಲಿ ಟೈಪು ಮಾಡಿಸಿ, ನಾನೇ ತೆಗೆದುಕೊಂಡು ಹೋದೆ. ಪಿಳ್ಳಪ್ಪನವರನ್ನು ಕರೆಸಲಿಲ್ಲ. ಅವಳು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಸಾಲಿನ ಕೆಳಗೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ನನ್ನತ್ತ ನೋಡಿ ಕೈಯಲ್ಲಿ ಏನೋ ಕೇಳಿದಳು.

ಸುಶೀಲ ಹೇಳಲೋ ಬೇಡವೋ ಎಂದು ನಿಂತಳು.

"ಪರವಾಗಿಲ್ಲ, ಹೇಳಮ್ಮ."

"ಇಷ್ಟ್ ದಿನ ಎಲ್ಲಾ ನಮ್ಮಪ್ಪನ್ನೇ ಯಾಕೆ ಕೇಳ್ತಿದ್ರಿ ಅಂತಾಳೆ ಸಾರ್."

ಪ್ರವಾಸದ ವರದಿ ಎಂದು ನಾನು ಮೇಲಿನವರಿಗೆ ಕೊಟ್ಟದ್ದು ನಲವತ್ತು ಪುಟ. ಅದರಲ್ಲಿ ಈ ಪ್ರಶ್ನೆ ಎಲ್ಲೂ ಇಲ್ಲ. ಸುಶೀಲಳ ಕಡೆ ನೋಡದೆ, ಜಯಮ್ಮನ ಮುಖವನ್ನೇ ನೋಡಿ, "ತಪ್ಪಾಯ್ತು," ಎಂದೆ.

ಅದನ್ನು ತಿಳಿಸಲು ಸುಶೀಲ ಕೈ ಎತ್ತಿದಳು. ಜಯಮ್ಮ ತಿಳಿಯಿತೆಂದು ನನ್ನತ್ತ ತಲೆಯಾಡಿಸಿ, ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.